ನಾಗಬನಕ್ಕೆ ಯಾರ ಹೆಸರು? — ಸ್ವಂತ ಭೂಮಿಯನ್ನು ವನ್ಯಜೀವಿಗಳಿಗೆ ಶಾಶ್ವತವಾಗಿ ಬಿಟ್ಟುಕೊಟ್ಟವರ ಚರಿತ್ರೆ

ಕಾಸರಗೋಡು ಸೀಮೆಯ ಹಳೆಯ ಮನೆತನಗಳಲ್ಲಿ ಮನೆಯ ಹಿಂಬದಿಗೋ ಗದ್ದೆಯ ಅಂಚಿಗೋ ಒಂದು ನಾಗಬನವಿರುವುದು ವಾಡಿಕೆ. ಕೆಲವು ಬನಗಳು ಹತ್ತು ಸೆಂಟ್ಸನ್ನು ಮೀರವು. ಕೆಲವು ಎಕ್ರೆಗಟ್ಟಲೆ ಹಬ್ಬಿರುವುವು. ಜಿಲ್ಲೆಯ ತೆಂಕು ಭಾಗದಲ್ಲಿ ಇಂಥವನ್ನು ‘ಕಾವು’ ಎನ್ನುವರು. ಅಲ್ಲಿನ ಕಮ್ಮಾಡಂ ಕಾವು ಐವತ್ತು ಎಕ್ರೆಗೂ ಮಿಕ್ಕಿದ ದೇವರಕಾಡು. ಬನದೊಳಗೆ ಕೊಡಲಿ ಬೀಳಕೂಡದು, ಉದುರಿದ ಸೌದೆಯನ್ನು ಕೂಡ ಮನೆಯ ಒಲೆಗೆ ತರಕೂಡದು ಎಂಬುದು ಹಿರಿಯರ ಕಟ್ಟಳೆ. ವರ್ಷಕ್ಕೊಮ್ಮೆ ತಂಬಿಲ, ನಾಗರಪಂಚಮಿಯಂದು ಹಾಲೆರೆಯುವುದು, ಇವಿಷ್ಟು ಬಿಟ್ಟರೆ ಅಲ್ಲಿಗೆ ಮನುಷ್ಯರ ಕಾಲು ತುಳಿಯುವುದು ಕಡಮೆ. ಆದುದರಿಂದಲೇ ಹಾಲೆ, ರೆಂಜೆ, ಬೈನೆ ಮೊದಲಾದ ಮರಗಳೂ ಅವನ್ನು ಸುತ್ತಿಕೊಂಡ ಬಳ್ಳಿಗಳೂ ಅಲ್ಲಿ ಉಳಿದುವು. ಸುತ್ತಲೂ ಅಡಿಕೆ, ತೆಂಗು, ರಬ್ಬರು ಹಬ್ಬಿದ ಮೇಲೆ ಹಾವು, ಮುಂಗುಸಿ, ಪುನುಗಿನ ಬೆಕ್ಕು, ಗೂಬೆ, ಬಾವಲಿಗಳಿಗೆ ಇದೊಂದು ತುಂಡು ನೆಲವೇ ಮನೆಯಾಯಿತು.

ನಮ್ಮ ಕುಟುಂಬಕ್ಕೂ ಇಂತಹದೊಂದು ಬನವುಂಟು. ನಮ್ಮದು ಅಳಿಯಸಂತಾನ ಕಟ್ಟಿನ ಮನೆತನ. ಕೇರಳ ರಾಜ್ಯವು ೧೯೭೫ರಲ್ಲಿ ಹಿಂದೂ ಅವಿಭಕ್ತ ಕುಟುಂಬ ಪದ್ಧತಿಯನ್ನು ರದ್ದುಗೊಳಿಸುವ ಕಾಯಿದೆಯನ್ನು ಮಾಡಿ, ಅದು ೧೯೭೬ ದಶಂಬರ ೧ರಿಂದ ಜಾರಿಗೆ ಬಂದಾಗ, ಯಜಮಾನನ ಕೈಯಲ್ಲಿದ್ದ ಕುಟುಂಬದ ಆಸ್ತಿ ಸದಸ್ಯರೆಲ್ಲರ ಬಿಡಿ ಹಕ್ಕಾಗಿ ಒಡೆಯಿತು. ಅಂದು ಅನೇಕ ಮನೆಗಳಲ್ಲಿ ಆದಂತೆ ನಮ್ಮಲ್ಲಿಯೂ ಪಾಲುಪಟ್ಟಿಯಾಯಿತು. ನನ್ನ ದೊಡ್ಡಮಾವ, ಎಂದರೆ ಅಂದಿನ ಯಜಮಾನರು, ಗದ್ದೆ ತೋಟಗಳನ್ನೆಲ್ಲ ಹಂಚಿ, ಬನದ ವಿಷಯಕ್ಕೆ ಬಂದಾಗ ಒಂದೇ ಒಂದು ವಾಕ್ಯವನ್ನು ಬರೆಯಿಸಿದರು: ನಾಗಬನದ ಇಪ್ಪತ್ತೆರಡು ಸೆಂಟ್ಸು ಎಲ್ಲರಿಗೂ ಸೇರಿದ್ದು, ಅದನ್ನು ಪಾಲು ಮಾಡಬಾರದು. ಆಗ ನಾನು ಎರಡನೆಯ ತರಗತಿಯ ಹುಡುಗ. ರುಜು ಹಾಕುವಾಗ ಅವರು ಕೈ ಮುಗಿದುದು ಮಾತ್ರ ನೆನಪಿದೆ.

ಕಳೆದ ವರ್ಷ ಬನದ ಮಗ್ಗುಲಲ್ಲಿ ಡಾಮರು ರಸ್ತೆ ಬಂತು. ನೆಲದ ಬೆಲೆ ಏರಿತು. ಕುಟುಂಬದವರೆಲ್ಲ ತಂಬಿಲಕ್ಕೆಂದು ಸೇರಿದ್ದ ದಿನ ಒಂದು ಸೂಚನೆ ಹೊರಟಿತು. ಎರಡು ಸೆಂಟ್ಸಿನಲ್ಲಿ ನಾಗನಿಗೆ ಅಂದವಾದ ಸಿಮೆಂಟಿನ ಕಟ್ಟೆ, ಮೇಲೆ ಮಾಡು, ಸುತ್ತ ಆವರಣ ಗೋಡೆ ಕಟ್ಟುವುದು. ಮಿಕ್ಕ ಇಪ್ಪತ್ತನ್ನು ಮಾರಿ ಆ ಹಣವನ್ನು ಜೀರ್ಣೋದ್ಧಾರಕ್ಕೂ ಮಿಕ್ಕ ಖರ್ಚುಗಳಿಗೂ ಬಳಸುವುದು. ನಾನು ದೊಡ್ಡಮಾವನ ವಾಕ್ಯವನ್ನು ಎತ್ತಿ ಹೇಳಿದೆ. ಅದಕ್ಕೆ ನನ್ನ ಅಕ್ಕನ ಮಗ ಸಮಾಧಾನದಿಂದಲೇ ಕೇಳಿದ: “ಮಾವ, ಪಾಲು ಮಾಡಬಾರದು ಎಂದು ಬರೆದಿದೆ, ಸರಿ. ಮಾರಬಾರದು, ಮರ ಕಡಿಯಬಾರದು ಎಂದು ಎಲ್ಲಿ ಬರೆದಿದೆ?”

ನಾನು ನಿರುತ್ತರನಾದೆ. ಹುಡುಗ ಕೆಟ್ಟವನಲ್ಲ, ಅವನ ಪ್ರಶ್ನೆಯೂ ಕೆಟ್ಟದಲ್ಲ. ಒಡೆಯನೊಬ್ಬನು ತನ್ನ ನೆಲವನ್ನು ಕಾಡುಜೀವಿಗಳಿಗೆ ಬಿಡಬೇಕೆಂದು ಮನಸ್ಸು ಮಾಡಬಹುದು. ಆದರೆ ತಾನು ಸತ್ತ ಮೇಲೂ ಆ ಮನಸ್ಸು ನಡೆಯುವಂತೆ ಮಾಡುವುದು ಹೇಗೆ? ಈ ಪ್ರಶ್ನೆಯನ್ನು ಹಿಡಿದುಕೊಂಡು ಹುಡುಕಿದಾಗ, ಬೇರೆ ದೇಶಗಳ ಭೂಮಾಲಿಕರೂ ಇದರಲ್ಲಿ ಎಡವಿ, ಎದ್ದು, ಸುಮಾರು ಇನ್ನೂರು ವರ್ಷಗಳಲ್ಲಿ ಒಂದು ದಾರಿಯನ್ನು ಕಂಡುಕೊಂಡಿರುವುದು ತಿಳಿಯಿತು. ಆ ಚರಿತ್ರೆಯನ್ನು ಸಹೋದ್ಯೋಗಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

೧. ಯಾರ್ಕ್‌ಶೈರಿನ ಗೋಡೆ

ಇಂಗ್ಲೆಂಡಿನ ಯಾರ್ಕ್‌ಶೈರ್ ಪ್ರಾಂತದ ವೇಕ್‌ಫೀಲ್ಡ್ ಪಟ್ಟಣದ ಸಮೀಪದಲ್ಲಿ ವಾಲ್ಟನ್ ಹಾಲ್ ಎಂಬ ಜಮೀನುದಾರಿ ಮನೆಯಿದೆ. ಮನೆಯು ಸರೋವರದ ನಡುವಿನ ದ್ವೀಪದಲ್ಲಿದೆ. ಅದರ ಒಡೆಯ ಚಾರ್ಲ್ಸ್ ವಾಟರ್ಟನ್ (೧೭೮೨–೧೮೬೫) ದಕ್ಷಿಣ ಅಮೆರಿಕದ ಗಯಾನಾ ಕಾಡುಗಳಲ್ಲಿ ಅಲೆದು, ತನ್ನ ಪ್ರವಾಸದ ಕಥನವನ್ನು ೧೮೨೫ರಲ್ಲಿ ಪ್ರಕಟಿಸಿ ಹೆಸರಾದವನು. ಅಂದಿನ ಇಂಗ್ಲೆಂಡಿನಲ್ಲಿ ಜಮೀನುದಾರನ ಉದ್ಯಾನವೆಂದರೆ ಬೇಟೆಯ ಬಯಲು. ಗೂಬೆ, ಗಿಡುಗ, ಮುಂಗುಸಿಯ ಜಾತಿಯ ಸಣ್ಣ ಪ್ರಾಣಿಗಳೆಂದರೆ ಕಂಡಲ್ಲಿ ಕೊಲ್ಲಬೇಕಾದ ಪೀಡೆಗಳು. ವಾಟರ್ಟನ್ ಇದಕ್ಕೆ ತದ್ವಿರುದ್ಧವಾಗಿ ನಡೆದನು. ೧೮೨೧ರಿಂದ ೧೮೨೬ರ ವರೆಗೆ, ಸುಮಾರು ೯,೦೦೦ ಪೌಂಡುಗಳನ್ನು ವೆಚ್ಚ ಮಾಡಿ, ತನ್ನ ಉದ್ಯಾನದ ಸುತ್ತಲೂ ಮೂರು ಮೈಲು ಉದ್ದದ, ಒಂಬತ್ತು ಅಡಿಗೂ ಎತ್ತರದ ಕಲ್ಲುಗೋಡೆಯನ್ನು ಕಟ್ಟಿಸಿದನು. ಅದರೊಳಗೆ ಕೋವಿಯ ಸದ್ದು ಕೇಳಕೂಡದೆಂದು ವಿಧಿಸಿದನು. ಗೂಬೆಗಳಿಗೆ ಕಲ್ಲಿನ ಗೂಡನ್ನೂ, ದಂಡೆಯಲ್ಲಿ ಬಿಲ ತೋಡುವ ಹಕ್ಕಿಗಳಿಗೆ ರಂಧ್ರಗಳಿರುವ ಗೋಡೆಯನ್ನೂ ಕಟ್ಟಿಸಿಕೊಟ್ಟನು. ಸ್ವಂತ ಭೂಮಿಯನ್ನು ಇಡಿಯಾಗಿ ವನ್ಯಜೀವಿಗಳ ಆಶ್ರಯವೆಂದು ಮೀಸಲಿಟ್ಟವರಲ್ಲಿ ಅವನೇ ಮೊದಲಿಗನೆಂದು ಹಲವರು ಭಾವಿಸುತ್ತಾರೆ.

ನೆರೆಯಲ್ಲಿ ಸಾಬೂನಿನ ಕಾರ್ಖಾನೆಯೊಂದು ಹುಟ್ಟಿತು. ಅದರ ಹೊಗೆಯಿಂದ ಮರಗಳು ಒಣಗಿದುವು, ಕೊಳಚೆಯಿಂದ ನೀರು ಕೆಟ್ಟಿತು. ಗೋಡೆಯು ಬೇಟೆಗಾರನನ್ನು ತಡೆಯಬಲ್ಲುದು, ಹೊಗೆಯನ್ನು ತಡೆಯಲಾರದು. ವಾಟರ್ಟನ್ ವರ್ಷಗಟ್ಟಲೆ ಕಾರ್ಖಾನೆಯವರೊಡನೆ ವ್ಯಾಜ್ಯವಾಡಿ ಕಡೆಗೆ ಅದು ಅಲ್ಲಿಂದ ಜಾಗ ಬಿಡುವಂತೆ ಮಾಡಿದನು. ೧೮೬೫ರಲ್ಲಿ ತೀರಿಕೊಂಡಾಗ ಅವನನ್ನು ಅದೇ ಸರೋವರದ ದಂಡೆಯ ಮರಗಳ ನಡುವೆ ಹೂಳಿದರು.

ಮುಂದಿನ ಭಾಗವೇ ನಮಗೆ ಮುಖ್ಯ. ಆಸ್ತಿಯು ಮಗ ಎಡ್ಮಂಡನಿಗೆ ಬಂತು. ಅವನು ಮರಗಳನ್ನು ಕಡಿಸಿದನು, ಬೇಟೆಗೆ ಅನುಮತಿಯಿತ್ತನು, ೧೮೭೦ರ ದಶಕದಲ್ಲಿ ಇಡೀ ಆಸ್ತಿಯನ್ನು ಮಾರಿಬಿಟ್ಟನು. ಕೊಂಡವನು ಯಾರು? ತಂದೆಯು ಯಾರೊಡನೆ ವ್ಯಾಜ್ಯವಾಡಿದ್ದನೋ ಆ ಸಾಬೂನು ಕಾರ್ಖಾನೆಯ ಮನೆತನದವನೇ! ಮಗನನ್ನು ದೂರುವುದು ಸುಲಭ. ಆದರೆ ತಂದೆಯು ಅವನಿಗೆ ಬಿಟ್ಟುಹೋದದ್ದು ಪೂರ್ಣ ಸ್ವಾಮ್ಯದ ಭೂಮಿಯನ್ನು, ಯಾವ ಕಟ್ಟುಪಾಡೂ ಇಲ್ಲದ ಭೂಮಿಯನ್ನು. ನಲವತ್ತು ವರ್ಷ ಆ ಕಾಡನ್ನು ಕಾದದ್ದು ಒಂಬತ್ತು ಅಡಿಯ ಗೋಡೆಯಲ್ಲ, ಒಬ್ಬ ಮನುಷ್ಯನ ಪ್ರೀತಿ. ಅವನೊಡನೆ ಅದೂ ಮಣ್ಣಾಯಿತು.

೨. ಲಂಡನ್ನಿನ ಒಂದು ತೋಟ

ಹಾಗಾದರೆ ಭೂಮಿಯ ಕೈ ಬದಲಾದರೂ ಬದಲಾಗದ ಕಟ್ಟೊಂದನ್ನು ಭೂಮಿಗೆ ಹಾಕಬಹುದೇ? ಈ ಪ್ರಶ್ನೆಯನ್ನು ಇಂಗ್ಲೆಂಡಿನ ನ್ಯಾಯಾಲಯವು ವಾಟರ್ಟನ್ ಬದುಕಿದ್ದಾಗಲೇ ವಿಚಾರಿಸಿತ್ತು. ವಿಷಯ ಕಾಡಿನದಲ್ಲ, ಲಂಡನ್ ಪೇಟೆಯ ನಡುವಿನ ಲೆಸ್ಟರ್ ಚೌಕದ ತೋಟದ್ದು. ೧೮೦೮ರಲ್ಲಿ ಟಲ್ಕ್ ಎಂಬವನು ಆ ತೋಟವನ್ನು ಮಾರುವಾಗ, ಅದನ್ನು ಕಟ್ಟಡವಿಲ್ಲದ ತೋಟವಾಗಿಯೇ ಇಡಬೇಕೆಂದು ಕೊಂಡವನಿಂದ ಕರಾರು ಬರೆಯಿಸಿಕೊಂಡಿದ್ದನು. ಸುತ್ತಲಿನ ಮನೆಗಳು ಟಲ್ಕನವೇ. ತೋಟವು ಕೈಯಿಂದ ಕೈಗೆ ಹೋಗಿ ಮಾಕ್ಸ್‌ಹೇ ಎಂಬವನಿಗೆ ಸೇರಿತು. ಕರಾರು ಬರೆದವನು ತಾನಲ್ಲವೆಂದು ಅವನು ಕಟ್ಟಡ ಕಟ್ಟಲು ಹೊರಟನು. ೧೮೪೮ರಲ್ಲಿ ನ್ಯಾಯಾಲಯವು, ಕರಾರು ಇರುವುದನ್ನು ತಿಳಿದೇ ಕೊಂಡವನು ಅದನ್ನು ಮೀರಲಾರನೆಂದು ತೀರ್ಪಿತ್ತಿತು. ಆ ಚೌಕ ಇಂದಿಗೂ ತೋಟವಾಗಿದೆ.

ಇದರಿಂದ ಭೂಮಿಯ ಬೆನ್ನಿಗೆ ಅಂಟಿಕೊಂಡು ಹೋಗುವ ಕರಾರು ಸಾಧ್ಯವೆಂದಾಯಿತು. ಆದರೆ ನಂತರದ ತೀರ್ಪುಗಳು ಒಂದು ಗಂಟನ್ನೂ ಹಾಕಿದುವು. ಕರಾರಿನ ಫಲವನ್ನು ಪಡೆಯುವವನಿಗೆ ಸಮೀಪದಲ್ಲಿ ಸ್ವಂತ ನೆಲವಿರಬೇಕು. ನೆಲವಿಲ್ಲದವನಿಗೆ ಅದನ್ನು ನಡೆಯಿಸುವ ಹಕ್ಕಿಲ್ಲ. ಟಲ್ಕನಿಗೆ ಚೌಕದ ಸುತ್ತ ಮನೆಗಳಿದ್ದುವು. ಗೂಬೆಗೆ ಏನಿದೆ? ಹಕ್ಕಿಗಳ ಪರವಾಗಿ ಕರಾರನ್ನು ಹಿಡಿದು ನಿಲ್ಲುವವರು ಯಾರು?

ಈ ಗಂಟನ್ನು ಬಿಡಿಸಲು ಕಾನೂನಿನಿಂದಲೇ ಹೊಸ ಸಂಸ್ಥೆಗಳು ಹುಟ್ಟಬೇಕಾಯಿತು. ಅಮೆರಿಕದ ಮಸಾಚುಸೆಟ್ಸ್ ಸಂಸ್ಥಾನದಲ್ಲಿ ಚಾರ್ಲ್ಸ್ ಎಲಿಯಟ್ ಎಂಬ ಉದ್ಯಾನಶಿಲ್ಪಿಯ ಪ್ರಯತ್ನದಿಂದ, ಚೆಲುವಾದ ನೆಲಗಳನ್ನು ದಾನವಾಗಿ ಪಡೆದು ಸಾರ್ವಜನಿಕರಿಗಾಗಿ ಕಾಯುವ ಧರ್ಮದರ್ಶಿ ಮಂಡಲಿಯೊಂದು ೧೮೯೧ರಲ್ಲಿ ಶಾಸನಬದ್ಧವಾಗಿ ಏರ್ಪಟ್ಟಿತು. ೧೮೯೫ರಲ್ಲಿ ಇಂಗ್ಲೆಂಡಿನಲ್ಲಿ ನ್ಯಾಷನಲ್ ಟ್ರಸ್ಟ್ ಹುಟ್ಟಿತು. ಇದು ೧೮೯೯ರಲ್ಲಿ ಕೇಂಬ್ರಿಜ್ ಸೀಮೆಯ ವಿಕನ್ ಫೆನ್ ಎಂಬ ಜೌಗಿನ ಎರಡು ಎಕ್ರೆಗಳನ್ನು ಕೊಂಡಿತು. ಕೀಟಗಳಿಗೂ ಸಸ್ಯಗಳಿಗೂ ಪ್ರಸಿದ್ಧವಾದ ಆ ನೆಲವು ಟ್ರಸ್ಟಿನ ಮೊದಲ ನಿಸರ್ಗಧಾಮ. ೧೯೦೭ರ ಕಾಯಿದೆಯು ಟ್ರಸ್ಟಿಗೆ ತನ್ನ ಭೂಮಿಯನ್ನು ಎಂದೆಂದಿಗೂ ಪರಭಾರೆ ಮಾಡಲಾಗದ್ದೆಂದು ಘೋಷಿಸುವ ಅಧಿಕಾರವನ್ನಿತ್ತಿತು. ೧೯೩೭ರ ಕಾಯಿದೆಯು ಹಳೆಯ ಗಂಟನ್ನು ಬಿಚ್ಚಿತು. ಸಮೀಪದಲ್ಲಿ ನೆಲವಿಲ್ಲದಿದ್ದರೂ ಟ್ರಸ್ಟು ಭೂಮಾಲಿಕನಿಂದ ಕರಾರು ಪಡೆಯಬಹುದು, ಮುಂದಿನ ಮಾಲಿಕರ ಮೇಲೆ ಅದನ್ನು ನಡೆಯಿಸಬಹುದು ಎಂದಾಯಿತು.

ಅಮೆರಿಕದಲ್ಲಿ ಇದೇ ಉಪಾಯವು ಬೇರೊಂದು ಹೆಸರಿನಲ್ಲಿ ಬೆಳೆಯಿತು. ಮಾಲಿಕನು ಭೂಮಿಯನ್ನು ತನ್ನಲ್ಲಿಯೇ ಇಟ್ಟುಕೊಂಡು, ಕಟ್ಟುವ, ಒಡೆಯುವ, ಕಾಡು ಕಡಿಯುವ ಹಕ್ಕುಗಳನ್ನು ಮಾತ್ರ ಒಂದು ಟ್ರಸ್ಟಿಗೋ ಸರಕಾರಕ್ಕೋ ಒಪ್ಪಿಸುತ್ತಾನೆ. ಅವರು ಆ ಹಕ್ಕುಗಳನ್ನು ಬಳಸುವುದಿಲ್ಲ. ಯಾರೂ ಬಳಸದಂತೆ ಕಾಯುತ್ತಾರೆ. ೧೯೭೬ರಲ್ಲಿ ಇಂತಹ ಒಪ್ಪಿಗೆಗೆ ತೆರಿಗೆಯ ರಿಯಾಯಿತಿ ದೊರೆಯಿತು. ೧೯೮೧ರಲ್ಲಿ ಸಂಸ್ಥಾನಗಳಿಗೆಲ್ಲ ಮಾದರಿಯಾದ ಒಂದು ಕಾಯಿದೆ ಸಿದ್ಧವಾಯಿತು. ಹಣವಿದ್ದಲ್ಲಿ ಮೋಸವೂ ಬರುವುದು ಸಹಜ. ಭೂಮಿಯ ಬೆಲೆಯನ್ನು ಹಲವು ಪಟ್ಟು ಏರಿಸಿ ತೋರಿಸಿ ತೆರಿಗೆ ತಪ್ಪಿಸಿಕೊಳ್ಳುವ ಕೂಟಗಳು ಹುಟ್ಟಿದುವು; ೨೦೨೨ರಲ್ಲಿ ಅವಕ್ಕೆ ಕಾನೂನಿನ ಕಡಿವಾಣ ಬಿತ್ತು.

೩. ರೈತನೊಬ್ಬನ ಹತ್ತು ಎಕ್ರೆ ಕಾಡು

ಮೇಲೆ ಹೇಳಿದವರು ಜಮೀನುದಾರರು, ವಿದ್ವಾಂಸರು. ನಮ್ಮಂಥ ಸಾಮಾನ್ಯರಿಗೆ ಹತ್ತಿರವಾದ ಉದಾಹರಣೆಯು ನ್ಯೂಜಿಲೆಂಡಿನದು. ಅಲ್ಲಿ ವಲಸೆ ಬಂದ ರೈತರು ಕಾಡನ್ನು ಸುಟ್ಟು ಹುಲ್ಲುಗಾವಲು ಮಾಡಿದ್ದರು. ತಗ್ಗಿನ ನೆಲಗಳಲ್ಲಿ ಉಳಿದ ಕಾಡು ಬಹುಮಟ್ಟಿಗೆ ರೈತರ ಹೊಲಗಳ ನಡುವಿನ ತುಂಡುಗಳಾಗಿತ್ತು. ಪುತಾರುರು ಎಂಬ ಊರಿನ ಗೋರ್ಡನ್ ಸ್ಟೀಫನ್ಸನ್ ಹಸು ಸಾಕಿ ಹಾಲು ಮಾರುವ ರೈತ. ಅವನ ಹೊಲದಲ್ಲಿ ಸುಮಾರು ೪ ಹೆಕ್ಟೇರ್, ಎಂದರೆ ನಮ್ಮ ಲೆಕ್ಕದಲ್ಲಿ ಹತ್ತು ಎಕ್ರೆಯಷ್ಟು, ಹಳೆಯ ಕಾಡು ಉಳಿದಿತ್ತು. ತಾನು ಹೊಲವನ್ನು ಮಾರಿದ ಮೇಲೂ ಅದು ಉಳಿಯಬೇಕೆಂಬುದು ಅವನ ಹಂಬಲ. ಅದಕ್ಕೆ ಕಾನೂನಿನಲ್ಲಿ ದಾರಿಯೇ ಇರಲಿಲ್ಲ. ಅವನು ರೈತರ ಸಂಘದೊಳಗೆ ಈ ಮಾತನ್ನೆತ್ತಿ, ಇತರರೊಡನೆ ಸೇರಿ ಸರಕಾರದ ಬೆನ್ನು ಹತ್ತಿದನು. ೧೯೭೭ರಲ್ಲಿ ಎರಡನೆಯ ಎಲಿಜಬೆತ್ ರಾಣಿಯ ಹೆಸರಿನ ರಾಷ್ಟ್ರೀಯ ಟ್ರಸ್ಟೊಂದು ಶಾಸನದಿಂದ ಸ್ಥಾಪಿತವಾಯಿತು. ಅದರ ಮೊದಲ ಕರಾರು ಸ್ಟೀಫನ್ಸನ್ ದಂಪತಿಗಳ ಆ ಹತ್ತು ಎಕ್ರೆ ಕಾಡಿಗೇ ಆಯಿತು.

ಈ ಕರಾರಿನ ರೀತಿಯನ್ನು ಗಮನಿಸಬೇಕು. ಭೂಮಿಯು ರೈತನದಾಗಿಯೇ ಉಳಿಯುತ್ತದೆ. ಅವನು ಮಾರಬಹುದು, ಮಕ್ಕಳಿಗೆ ಬಿಡಬಹುದು. ಆದರೆ ಯಾವ ತುಂಡಿನಲ್ಲಿ ಏನೇನನ್ನು ಮಾಡಬಾರದೆಂಬುದು ನಕ್ಷೆಯ ಸಹಿತ ಬರಹದಲ್ಲಿರುತ್ತದೆ. ಆ ಬರಹವು ಭೂಮಿಯ ಹಕ್ಕುಪತ್ರದಲ್ಲಿಯೇ ನೋಂದಣಿಯಾಗುತ್ತದೆ. ಕೊಳ್ಳುವವನು ಪತ್ರವನ್ನು ತೆರೆದೊಡನೆ ಅದು ಕಣ್ಣಿಗೆ ಬೀಳಲೇಬೇಕು. ದನಕರುಗಳು ನುಗ್ಗದಂತೆ ಬೇಲಿ ಹಾಕುವ ಖರ್ಚಿನಲ್ಲಿ ಟ್ರಸ್ಟು ಪಾಲು ಕೊಡುವುದುಂಟು; ಅದರ ಪ್ರತಿನಿಧಿಯು ಆಗಾಗ ಬಂದು ನೋಡಿ ಹೋಗುವನು. ಹೀಗೆ ಮೂರು ಅಂಗಗಳು ಕೂಡಿದುವು: ಸ್ಪಷ್ಟವಾದ ನಿಷೇಧ, ಹಕ್ಕುಪತ್ರದಲ್ಲಿ ದಾಖಲೆ, ಸಾಯದ ಒಬ್ಬ ಕಾವಲುಗಾರ. ಇಂದು ಅಲ್ಲಿ ೫,೦೦೦ಕ್ಕೂ ಮಿಕ್ಕ ಕರಾರುಗಳಿವೆ.

ಕಟ್ಟು ಗಟ್ಟಿಯೋ ಅಲ್ಲವೋ ಎಂಬುದು ಎಳೆದು ನೋಡಿದಾಗಲೇ ತಿಳಿಯುವುದು. ಕೊರೊಮಾಂಡೆಲ್ ಪರ್ಯಾಯ ದ್ವೀಪದಲ್ಲಿ ಸುಮಾರು ನಾನೂರು ಹೆಕ್ಟೇರ್ ಭೂಮಿಗೆ ಅಂದಿನ ಮಾಲಿಕನು ೧೯೯೭ರಲ್ಲಿ ಇಂತಹ ಕರಾರನ್ನು ಮಾಡಿದ್ದನು. ಮುಂದೆ ಅದನ್ನು ಕೊಂಡ ಸಂಸ್ಥೆಯು ಕರಾರನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿತು. ವ್ಯಾಜ್ಯವು ಮೇಲಣ ನ್ಯಾಯಾಲಯಗಳಿಗೆ ಏರಿ, ೨೦೧೮ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ನೋಂದಣಿಯಾದ ಕರಾರನ್ನು ಎತ್ತಿಹಿಡಿಯಿತು. ವಾಲ್ಟನ್ ಹಾಲಿನ ಮಗನನ್ನು ತಡೆಯಲು ಯಾರೂ ಇರಲಿಲ್ಲ. ಇಲ್ಲಿ ತಡೆಯಲು ಒಂದು ಹಾಳೆ ಕಾಗದವೂ ಅದನ್ನು ಹಿಡಿದು ನಿಂತ ಒಂದು ಸಂಸ್ಥೆಯೂ ಇದ್ದುವು.

೪. ನಮ್ಮ ಕಾನೂನಿನಲ್ಲಿ ಏನುಂಟು?

ಇಷ್ಟನ್ನು ತಿಳಿದ ಮೇಲೆ ನಮ್ಮ ದೇಶದ ಸ್ಥಿತಿಯನ್ನು ನೋಡೋಣ. ೧೮೮೨ರ ಆಸ್ತಿ ವರ್ಗಾವಣೆ ಕಾಯಿದೆಯೇ ಇಂದಿಗೂ ಆಧಾರ. ಅದರ ೧೦ನೆಯ ಕಲಮಿನಂತೆ, ಆಸ್ತಿಯನ್ನು ಕೊಟ್ಟು ‘ಎಂದಿಗೂ ಮಾರಕೂಡದು’ ಎಂಬ ಪೂರ್ಣ ನಿರ್ಬಂಧವನ್ನು ಹಾಕಿದರೆ ಆ ನಿರ್ಬಂಧವು ಶೂನ್ಯ. ೧೧ನೆಯ ಕಲಮಿನಂತೆ, ಪೂರ್ಣವಾಗಿ ಕೊಟ್ಟ ಮೇಲೆ ಹೀಗೆಯೇ ಅನುಭವಿಸಬೇಕೆಂಬ ಷರತ್ತೂ ನಿಲ್ಲದು. ಕೊಟ್ಟವನ ಮತ್ತೊಂದು ಆಸ್ತಿಯ ಹಿತಕ್ಕಾಗಿ ಹಾಕಿದ್ದರೆ ಮಾತ್ರ ನಿಲ್ಲಬಹುದು. ೪೦ನೆಯ ಕಲಮು ಹೇಳುವುದೂ ಅದೇ ಮಾತನ್ನು: ನಿರ್ಬಂಧವನ್ನು ನಡೆಯಿಸುವವನಿಗೆ ಸ್ವಂತ ಸ್ಥಿರಾಸ್ತಿಯಿರಬೇಕು. ಲೆಸ್ಟರ್ ಚೌಕದ ಹಳೆಯ ಗಂಟು ನಮ್ಮಲ್ಲಿ ಹಾಗೆಯೇ ಉಳಿದಿದೆಯೆಂದು ವಾಚಕರಿಗೆ ಹೊಳೆದೀತು. ಸಹಮಾಲಿಕರಲ್ಲಿ ಯಾರೊಬ್ಬನಾದರೂ ತನ್ನ ಪಾಲನ್ನು ಬೇರೆ ಮಾಡಿಕೊಡಿರೆಂದು ದಾವೆ ಹೂಡಬಹುದು. ನನ್ನ ದೊಡ್ಡಮಾವನ ಒಂದು ವಾಕ್ಯದ ಬಲವೆಷ್ಟೆಂಬುದು ಇದರಿಂದ ಸ್ಪಷ್ಟ.

ಆದರೆ ಬಾಗಿಲುಗಳೆಲ್ಲ ಮುಚ್ಚಿಲ್ಲ. ಅದೇ ಕಾಯಿದೆಯ ೧೮ನೆಯ ಕಲಮು, ಧರ್ಮ, ವಿದ್ಯೆ, ಆರೋಗ್ಯ ಅಥವಾ ಮನುಕುಲಕ್ಕೆ ಹಿತವಾದ ಬೇರೆ ಯಾವುದೇ ಉದ್ದೇಶಕ್ಕಾಗಿ ಸಾರ್ವಜನಿಕರ ಒಳಿತಿಗೆಂದು ಮಾಡಿದ ವರ್ಗಾವಣೆಗೆ, ಶಾಶ್ವತತೆಯನ್ನು ತಡೆಯುವ ನಿಯಮವು ಅನ್ವಯಿಸದೆಂದು ಹೇಳುತ್ತದೆ. ನಮ್ಮ ದೇಶದ ಹಳೆಯ ನ್ಯಾಯದಲ್ಲಿ ದೇವರೂ ಆಸ್ತಿಯುಳ್ಳ ಒಬ್ಬ ವ್ಯಕ್ತಿ. ಹಿರಿಯರು ಬನವನ್ನು ನಾಗನಿಗೆ ಬಿಟ್ಟಾಗ, ತಮಗೆ ಅರಿವಿಲ್ಲದೆಯೇ, ಸಾಯದ ಮಾಲಿಕನೊಬ್ಬನನ್ನು ನೇಮಿಸುತ್ತಿದ್ದರು.

ಎರಡನೆಯ ಬಾಗಿಲು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ೨೦೦೨ರಲ್ಲಿ ಮಾಡಿದ ತಿದ್ದುಪಡಿ. ಊರವರಾಗಲಿ ಒಬ್ಬ ವ್ಯಕ್ತಿಯಾಗಲಿ ತಾವಾಗಿ ಮುಂದೆ ಬಂದರೆ ಖಾಸಗಿ ಅಥವಾ ಸಮುದಾಯದ ಭೂಮಿಯನ್ನು ‘ಸಮುದಾಯ ಮೀಸಲು ಪ್ರದೇಶ’ವೆಂದು ರಾಜ್ಯ ಸರಕಾರವು ಘೋಷಿಸಬಹುದು. ಘೋಷಣೆಯಾದ ಮೇಲೆ ನಿರ್ವಹಣಾ ಸಮಿತಿಯ ನಿರ್ಣಯವೂ ಸರಕಾರದ ಒಪ್ಪಿಗೆಯೂ ಇಲ್ಲದೆ ಭೂಮಿಯ ಬಳಕೆಯನ್ನು ಬದಲಿಸುವಂತಿಲ್ಲ. ಖಾಸಗಿ ಭೂಮಿಯಾದಲ್ಲಿ ಆ ಸಮಿತಿಯೊಳಗೆ ಮಾಲಿಕನೂ ಇರುವನೆಂದು ೨೦೨೨ರ ತಿದ್ದುಪಡಿ ಸ್ಪಷ್ಟಪಡಿಸಿದೆ. ೨೦೦೭ರಲ್ಲಿ ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರು ಹೀಗೆ ಘೋಷಿತವಾಯಿತು. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುವುದು ಊರವರ ಹಿತ್ತಿಲ ಹುಣಿಸೆಮರಗಳಲ್ಲಿ. ಹುಣಿಸೆಯ ಫಸಲು ಕಳೆದುಕೊಂಡರೂ ತಲೆತಲಾಂತರದಿಂದ ಅವರು ಹಕ್ಕಿಗಳನ್ನು ಕಾದು ಬಂದವರು. ಅದೇ ವರ್ಷ ನಮ್ಮ ರಾಜ್ಯದ ಕಡಲುಂಡಿ–ವಳ್ಳಿಕ್ಕುನ್ನು ಅಳಿವೆಯೂ ಕೇರಳದ ಮೊದಲನೆಯ ಸಮುದಾಯ ಮೀಸಲು ಪ್ರದೇಶವಾಯಿತು. ಕರ್ನಾಟಕಕ್ಕೂ ಕೇರಳಕ್ಕೂ ನಡುವೆ ನಿಂತ ನಮಗೆ ಎರಡು ಕಡೆಯ ಮಾದರಿಗಳೂ ಕಣ್ಣಳತೆಯಲ್ಲಿವೆ.

೫. ಮತ್ತೆ ಬನಕ್ಕೆ

ನಾಗನ ಹೆಸರಿಗೆ ಬರೆದುಬಿಟ್ಟರೆ ಸಾಕಲ್ಲವೆ ಎಂದು ಕೇಳಬಹುದು. ಸಾಲದೆಂದು ನನ್ನ ಅಭಿಪ್ರಾಯ. ಕಳೆದ ಕೆಲವು ದಶಕಗಳಲ್ಲಿ ತುಳುನಾಡಿನಲ್ಲಿ ಎಷ್ಟೋ ಬನಗಳು ‘ಜೀರ್ಣೋದ್ಧಾರ’ದ ಹೆಸರಿನಲ್ಲಿಯೇ ಬೋಳಾದುವು. ಅಲ್ಲಿ ನಾಗನಿದ್ದಾನೆ, ಕಲ್ಲಿದೆ, ಕಟ್ಟೆಯಿದೆ, ಪೂಜೆ ಮೊದಲಿಗಿಂತಲೂ ವಿಜೃಂಭಣೆಯಿಂದ ನಡೆಯುತ್ತದೆ. ಬನ ಮಾತ್ರ ಇಲ್ಲ. ಭೂಮಿಯು ದೇವರದೇ ಆಗಿ ಉಳಿಯಿತು, ಮರವೂ ಹಾವೂ ಹೋದುವು. ಹಿಂದೆ ಮರಗಳನ್ನು ಕಾಯುತ್ತಿದ್ದುದು ಭಯ. ವಾಟರ್ಟನ್ನನಿಗೆ ಗೋಡೆಯಿದ್ದಂತೆ ನಮಗೆ ಸರ್ಪದೋಷದ ಭಯವಿತ್ತು. ಇಂದು ಆ ಭಯವನ್ನು ಒಂದು ಶಾಂತಿಯಿಂದ, ಒಂದು ಸಿಮೆಂಟಿನ ಕಟ್ಟೆಯಿಂದ ಪರಿಹರಿಸಿಕೊಳ್ಳಬಹುದೆಂದು ಜನ ಕಂಡುಕೊಂಡಿದ್ದಾರೆ. ಆದುದರಿಂದ ಮಾಲಿಕನ ಹೆಸರೊಂದೇ ಸಾಲದು. ಏನನ್ನು ಮಾಡಬಾರದೆಂಬ ಮಾತೂ ಬರಹದಲ್ಲಿರಬೇಕು, ಅದನ್ನು ಓದಿ ಕೇಳುವವರೂ ಒಬ್ಬರಿರಬೇಕು.

ಇದನ್ನೆಲ್ಲ ನಾನು ಕುಟುಂಬದವರ ಮುಂದೆ ಹೇಳಿದೆ. ಎಲ್ಲರೂ ಒಪ್ಪಿದರೆಂದು ಬರೆದರೆ ಸುಳ್ಳಾದೀತು. ಸಾಲದಲ್ಲಿರುವ ತಂಗಿಯೊಬ್ಬಳು, “ಅಣ್ಣ, ನಿಮಗೆ ಸಂಬಳವಿದೆ. ನನ್ನ ಪಾಲಿನ ಬೆಲೆಯನ್ನು ಹಾವು ಕೊಡುತ್ತದೆಯೇ?” ಎಂದಳು. ಅದೂ ನ್ಯಾಯವಾದ ಪ್ರಶ್ನೆಯೇ. ನ್ಯೂಜಿಲೆಂಡಿನ ಟ್ರಸ್ಟು ಬೇಲಿಯ ಖರ್ಚನ್ನು ಹಂಚಿಕೊಂಡದ್ದೂ, ಅಮೆರಿಕದವರು ತೆರಿಗೆಯಲ್ಲಿ ರಿಯಾಯಿತಿಯಿತ್ತದ್ದೂ ಬಿಟ್ಟುಕೊಡುವವನ ಹೊರೆಯನ್ನು ಊರೂ ಹೊರಬೇಕೆಂಬ ಕಾರಣದಿಂದ. ಉಳಿದವರಲ್ಲಿ ಕೆಲವರು ಸೇರಿ ಅವಳ ಪಾಲಿನ ಬೆಲೆಯನ್ನು ಕೊಡುವುದೆಂದು ಮಾತಾಗಿದೆ. ಕರಡನ್ನು ಬರೆದವನು ಆ ಪ್ರಶ್ನೆ ಕೇಳಿದ ಸೋದರಳಿಯನೇ. ಇಪ್ಪತ್ತೆರಡು ಸೆಂಟ್ಸನ್ನು ಒಂದು ಧರ್ಮಾರ್ಥ ಟ್ರಸ್ಟಿಗೆ ಒಪ್ಪಿಸುವುದು. ಹಸಿ ಮರ ಕಡಿಯಬಾರದು, ನೆಲಕ್ಕೆ ಸಿಮೆಂಟು ಹಾಕಬಾರದು, ಕಲ್ಲಿನ ಮೇಲೆ ಮಾಡು ಕಟ್ಟಬಾರದು ಎಂದು ಅಳತೆಯ ನಕ್ಷೆಯೊಡನೆ ಬರೆಯುವುದು. ಕುಟುಂಬದ ಹೊರಗಿನ ಇಬ್ಬರನ್ನು ಟ್ರಸ್ಟಿನಲ್ಲಿ ಸೇರಿಸುವುದು. ಬಳಿಕ ಸಮುದಾಯ ಮೀಸಲಿಗಾಗಿ ಅರ್ಜಿ ಕೊಡುವುದು. ಇಷ್ಟು ಅದರಲ್ಲಿದೆ. ಇನ್ನು ಮೂವರ ರುಜು ಆಗಬೇಕಾಗಿದೆ.

ಗಡಿನಾಡಿನ ಅಧ್ಯಾಪಕರು ಶಾಸನಗಳನ್ನೂ ಪಾಡ್ದನಗಳನ್ನೂ ಗಾದೆಗಳನ್ನೂ ಸಂಗ್ರಹಿಸಿರುವರು. ಅವರಲ್ಲಿ ನನ್ನದೊಂದು ವಿನಂತಿ. ತಮ್ಮ ಶಾಲೆಯ ಸುತ್ತಲಿನ ಬನ, ಕಾವು, ದೇವರಕಾಡುಗಳನ್ನು ಮಕ್ಕಳಿಂದ ಪಟ್ಟಿ ಮಾಡಿಸಲಿ: ಅಳತೆಯೆಷ್ಟು, ಯಾವ ಮರಗಳಿವೆ, ಯಾವ ಜೀವಿಗಳು ಕಾಣುತ್ತವೆ. ಮಕ್ಕಳು ಕೇಳಲಾಗದ ಒಂದು ಪ್ರಶ್ನೆಯನ್ನು ಮಾತ್ರ ಅಧ್ಯಾಪಕರೇ ಮನೆಯ ಹಿರಿಯರನ್ನು ಕಂಡು ಕೇಳಲಿ: ಈ ಬನದ ಬಗ್ಗೆ ಕಾಗದದಲ್ಲಿ ಏನು ಬರೆದಿದೆ? ಆ ಹಿರಿಯರು ಇರುವಾಗಲೇ ಕೇಳುವುದು ಒಳ್ಳೆಯದು. ದೊಡ್ಡಮಾವ ಬದುಕಿದ್ದಾಗ ನಾನದನ್ನು ಕೇಳಲಿಲ್ಲ.